ಶಿರಸಿ ಪೇಟೆಯಲ್ಲಿ ಮನೆ ತಗೊಂಡರೆ ಅಕ್ಕಪಕ್ಕ ಜನ ಇರ್ತಾರಾ?

ಕಾಲುಸಂಕ (ಏಪ್ರಿಲ್ 6, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿರಸಿಯಿಂದ ಪಶ್ಚಿಮಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು, ಘಟ್ಟದ ಅಂಚು. ಎರಡು ಎಕರೆ ಅಡಿಕೆ ತೋಟ, ನಡುನಡುವೆ ಕಾಳುಮೆಣಸು, ಬಾಳೆ. ಮನೆಯಲ್ಲಿರುವುದು ಅಪ್ಪಯ್ಯ, ಆಯಿ ಇಬ್ಬರೇ. ಅಪ್ಪಯ್ಯನಿಗೆ 71, ಆಯಿಗೆ 66. ನಾನು ಬೆಂಗಳೂರಿನಲ್ಲಿ, ತಮ್ಮ ಕೆನಡಾದಲ್ಲಿ.

ಹೋದ ಜುಲೈನಲ್ಲಿ ಒಂದು ರಾತ್ರಿ ಆಯಿಗೆ ಉಬ್ಬಸ ಜೋರಾಯಿತು. ಮರ ಬಿದ್ದು ಕರೆಂಟು ಹೋಗಿ ಅದು ನಾಲ್ಕನೇ ದಿನ. ಫೋನಿಗೆ ಸಿಗ್ನಲ್ ಇಲ್ಲ. ಅಪ್ಪಯ್ಯ ಬ್ಯಾಟರಿ ಹಿಡಿದು ಹಳ್ಳದ ಮೇಲಿನ ಸಂಕ ದಾಟಿ ಮೇಲಿನಮನೆಗೆ ಹೋಗಿ, ಅವರನ್ನು ಎಬ್ಬಿಸಿ, ಜೀಪು ಹೊರಡಿಸಿ, ದಾರಿಗೆ ಬಿದ್ದಿದ್ದ ಮರ ಕಡಿದು, ಶಿರಸಿಯ ಆಸ್ಪತ್ರೆ ಮುಟ್ಟುವಾಗ ಬೆಳಗಿನ ಜಾವ. ನನಗೆ ವಿಷಯ ಗೊತ್ತಾಗಿದ್ದು ಮರುದಿನ ಮಧ್ಯಾಹ್ನ. ಅವತ್ತಿನಿಂದ ಮಳೆ ಶಬ್ದ ಕೇಳಿದರೆ ನನಗೆ ನಿದ್ದೆ ಬರುವುದಿಲ್ಲ.

ತಮ್ಮ ದುಡ್ಡು ಕಳಿಸುತ್ತೇನೆ, ಪೇಟೆಯಲ್ಲಿ ಮನೆ ನೋಡು ಅನ್ನುತ್ತಿದ್ದಾನೆ. ಯಲ್ಲಾಪುರ ರಸ್ತೆ, ಹುಬ್ಬಳ್ಳಿ ರಸ್ತೆ ಕಡೆಯ ಬಡಾವಣೆಗಳಲ್ಲಿ ಎರಡು ಶನಿವಾರ ಸುತ್ತಿದೆ. ಚಂದದ ಮನೆಗಳು, ಅಗಲವಾದ ರಸ್ತೆ. ಆದರೆ ಸಂಜೆ ಏಳಕ್ಕೆ ನೋಡಿದರೆ ಎಷ್ಟೋ ಮನೆಗಳಲ್ಲಿ ದೀಪವೇ ಇಲ್ಲ. ದರ, ಕಾಗದಪತ್ರ ಎಲ್ಲ ಹೇಳಿ, ಬೇಕು. ಆದರೆ ನನ್ನ ಮುಖ್ಯ ಪ್ರಶ್ನೆ ಬೇರೆ. ಅಲ್ಲಿ ಯಾರು ವಾಸ ಇದ್ದಾರೆ? ರಾತ್ರಿ ಎರಡು ಗಂಟೆಗೆ ಆಯಿ ಬಾಗಿಲು ಬಡಿದರೆ ತೆಗೆಯುವವರು ಇರುತ್ತಾರಾ?

ಚಾಲಿ ಮೂಟೆ (ಏಪ್ರಿಲ್ 7, ಬೆಳಿಗ್ಗೆ 6:30)

ತಂಗಿ, ನಾನು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವ. ದರದ ಮಾತು ನನಗೆ ಬಿಡಿ.

ಶಿರಸಿಗೆ ರೈಲಿಲ್ಲ, ದೊಡ್ಡ ಕಾರ್ಖಾನೆಯಿಲ್ಲ, ಜಿಲ್ಲಾ ಕೇಂದ್ರವೂ ಅಲ್ಲ. ಜನ ವಿಪರೀತ ಹೆಚ್ಚಾದರು ಅನ್ನುವಂತೆಯೂ ಇಲ್ಲ. 2011ರ ಜನಗಣತಿಯಲ್ಲಿ ಇಡೀ ಉತ್ತರ ಕನ್ನಡಕ್ಕೆ 14.37 ಲಕ್ಷ ಜನ, ಚದರ ಕಿಲೋಮೀಟರಿಗೆ 140. ಅದರ ಹಿಂದಿನ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ ಹದಿನೈದಕ್ಕೂ ಮೇಲೆ ಏರಿದರೆ ನಮ್ಮ ಜಿಲ್ಲೆಯದು ಆರು ಚಿಲ್ಲರೆ. ಮತ್ತೆ ಸೈಟಿನ ದರ ಯಾಕೆ ಏರಿತು? ಅಡಿಕೆ ದುಡ್ಡು.

ಅಡಿಕೆ ಬೆಳೆಗಾರನಿಗೆ ತಿಂಗಳ ಸಂಬಳ ಇಲ್ಲ. ಕೊಯ್ಲು ಮುಗಿದು, ಚಾಲಿಯೋ (ಒಣಗಿಸಿ ಸುಲಿದ ಅಡಿಕೆ) ರಾಶಿಯೋ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಟೆಂಡರಿಗೆ ಬಿದ್ದಾಗ ಇಡಿಗಂಟು ಕೈಗೆ ಬರುತ್ತದೆ. 1923ರಲ್ಲಿ ತೋಟಗಾರರ ಸೇಲ್ ಸೊಸೈಟಿ ಹುಟ್ಟಿದ ಮೇಲೆ ಆ ಗಂಟು ಬೆಳೆಗಾರನ ಖಾತೆಗೇ ಬೀಳುವ ಅಭ್ಯಾಸ ಊರಿಗಾಯಿತು. ಖರ್ಚು ಕಳೆದು ಉಳಿದದ್ದು ಮಕ್ಕಳ ಓದಿಗೆ ಹೋಗುತ್ತದೆ, ಬಂಗಾರಕ್ಕೆ ಹೋಗುತ್ತದೆ, ಇಲ್ಲವೇ ಪೇಟೆಯ ಸೈಟಿಗೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ತೋಟ ತೋಟಕ್ಕೆ ಹಬ್ಬಿದ ಮೇಲೆ, ತೋಟ ನೆಚ್ಚಿ ಕೂರಬಾರದು ಅನ್ನುವ ಹೆದರಿಕೆಯೂ ಸೇರಿಕೊಂಡಿತು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ ತೋಟಗಳೇ ಹೋದವಲ್ಲ, ಅದನ್ನು ಕಂಡ ಘಟ್ಟದಂಚಿನವರು ಪೇಟೆಯಲ್ಲಿ ಒಂದು ಕಾಲು ಇಟ್ಟಿರಬೇಕು ಅಂತ ನಿಶ್ಚಯ ಮಾಡಿಕೊಂಡರು. ನಿಮ್ಮ ಮನೆಯವರ ಹಾಗೆ.

ಕೊಳ್ಳುವವರು ಹೀಗೆ. ನೆಲ ಎಲ್ಲಿದೆ? ಜಿಲ್ಲೆಯ ಹೆಚ್ಚಿನ ಭಾಗ ಅರಣ್ಯ. ಪೇಟೆಯ ಸುತ್ತ ಕಾಡು, ಸೊಪ್ಪಿನಬೆಟ್ಟ, ಗದ್ದೆ. ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗುವಂಥ ಮಾಲ್ಕಿ ಜಾಗ ಅಷ್ಟರಲ್ಲೇ.

ಇನ್ನೊಂದು ಮಾತು, ಇದನ್ನು ಸೈಟಿನ ಏಜೆಂಟರು ಹೇಳುವುದಿಲ್ಲ. ಅಡಿಕೆ ದರ ಬಿದ್ದ ವರ್ಷ ಶಿರಸಿಯಲ್ಲಿ ಸೈಟಿನ ದರ ಬೀಳುವುದಿಲ್ಲ, ಮಾರಾಟ ನಿಲ್ಲುತ್ತದೆ. ಇಲ್ಲಿ ಸಾಲ ಮಾಡಿ ಸೈಟು ಹಿಡಿದಿಟ್ಟುಕೊಂಡವರು ಕಡಿಮೆ. ಕಂತು ಕಟ್ಟುವ ಒತ್ತಡ ಇಲ್ಲದವ ದರ ಇಳಿಸಿ ಮಾರುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಹಾಗಾಗಿ ಪಕ್ಕದ ಸೈಟಿಗೆ ಇಷ್ಟು ಹೇಳಿದ್ದಾರೆ ಅನ್ನುವುದನ್ನು ದರ ಅಂತ ತಿಳಿಯಬೇಡಿ. ಈ ಆರು ತಿಂಗಳಲ್ಲಿ ಅದೇ ರಸ್ತೆಯಲ್ಲಿ ನಿಜವಾಗಿ ನೋಂದಣಿ ಆದ ಒಂದು ವ್ಯವಹಾರ ಹುಡುಕಿ, ಕೊಂಡವರನ್ನೇ ಕೇಳಿ.

ನಕಾಶೆ (ಏಪ್ರಿಲ್ 7, ಮಧ್ಯಾಹ್ನ 1:15)

ನಾನು ಸಿವಿಲ್ ಇಂಜಿನಿಯರ್, ಶಿರಸಿ, ಸಿದ್ದಾಪುರ ಕಡೆ ಕೆಲಸ. ಕಾಗದದ ವಿಷಯ ಹೇಳುತ್ತೇನೆ.

ನಗರಸಭೆ ಗಡಿಯ ಒಳಗಾದರೆ ಮೊದಲು ಇ-ಖಾತೆ ಕೇಳಿ, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಆ ಖಾತೆ ಎ ಖಾತೆಯೋ ಬಿ ಖಾತೆಯೋ ನೋಡಿ. 2025ರಲ್ಲಿ ಸರ್ಕಾರ ಊರೂರಿನ ನಗರಸಭೆಗಳಲ್ಲೂ ಬಿ ಖಾತೆ ಕೊಡಲು ಶುರು ಮಾಡಿತು. ಬಿ ಖಾತೆ ಸಿಕ್ಕಿತು ಅಂದರೆ ತೆರಿಗೆ ಕಟ್ಟಬಹುದು ಅಂತ ಅರ್ಥ, ಬಡಾವಣೆ ಸಕ್ರಮ ಆಯಿತು ಅಂತ ಅಲ್ಲ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರಬೇಕು. 11ಬಿ, ಅಂದರೆ ಮಂಜೂರಾತಿ ಇಲ್ಲದ ಜಾಗದ ನಮೂನೆ, ತೋರಿಸಿದರೆ ಅಲ್ಲಿಯೇ ಕೈಮುಗಿದು ಬನ್ನಿ. ಬಿನ್‌ಶೇತ್ಕಿ ಆದೇಶ, ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ, ಮೂವತ್ತು ವರ್ಷದ ಋಣಭಾರ ಪತ್ರ, ಇವು ಮೂಲ ಪ್ರತಿಯಲ್ಲೇ ಕಣ್ಣಿಗೆ ಬೀಳಬೇಕು. ಮೊಬೈಲಿನಲ್ಲಿ ಕಳಿಸಿದ ಫೋಟೋ ನೆಚ್ಚಿ ಮುಂಗಡ ಕೊಡಬೇಡಿ.

ಸೊಪ್ಪಿನಬೆಟ್ಟದ ಬಗ್ಗೆ ಬೇರೆಯಾಗಿ ಹೇಳಬೇಕು. ಬೆಟ್ಟ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಕೊಟ್ಟ ಹಕ್ಕು, ನೆಲದ ಒಡೆತನ ಅಲ್ಲ. ಪೇಟೆ ಅಂಚಿನಲ್ಲಿ ಬೆಟ್ಟದ ಜಾಗ, ಅತಿಕ್ರಮಣದ ಜಾಗ ತೋರಿಸಿ, ಇಷ್ಟು ವರ್ಷದಿಂದ ನಮ್ಮ ಸ್ವಾಧೀನದಲ್ಲಿದೆ, ಮುಂದೆ ಸಕ್ರಮ ಆಗುತ್ತದೆ ಅನ್ನುವವರು ಸಿಗುತ್ತಾರೆ. ಅರಣ್ಯ ಹಕ್ಕು ಕಾಯ್ದೆ ಅಲ್ಲೇ ವಾಸ ಇದ್ದು ಆ ನೆಲ ನಂಬಿ ಬದುಕುವವರಿಗೆ ಇದೆ. ಕೊಂಡುಕೊಂಡವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ, ಆ ಕಾಯ್ದೆಯಲ್ಲಿ ಸಿಕ್ಕ ಹಕ್ಕನ್ನು ಮಾರುವಂತೆಯೂ ಇಲ್ಲ.

ಅಳತೆ ಗುಂಟೆಯಲ್ಲಿ ಹೇಳುತ್ತಾರೆ. ಗುಂಟೆಗೆ 1,089 ಚದರ ಅಡಿ, ಹದಿನಾರು ಆಣೆಗೆ ಒಂದು ಗುಂಟೆ. ಮೂರು ಗುಂಟೆ ಅಂದರೆ ರಸ್ತೆಗೆ ಬಿಟ್ಟ ಜಾಗ ಸೇರಿಸಿಯೋ ಕಳೆದೋ ಅಂತ ಕೇಳಿ, ಜಗಳ ಬರುವುದು ಅಲ್ಲೇ. ನೋಂದಣಿ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಡಿ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲಿನ ಸೆಸ್, ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಕೂಡಿ ಪೇಟೆಯಲ್ಲಿ ನೂರಕ್ಕೆ 7.6 ರೂಪಾಯಿ.

ನೀರು: ನಗರಸಭೆಗೆ ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯಿಂದ ಬರುತ್ತದೆ. ಬೇಸಿಗೆ ಕೊನೆಯಲ್ಲಿ ಹೊಳೆ ಬತ್ತಿದರೆ ನಲ್ಲಿಯೂ ಬತ್ತುತ್ತದೆ. ಮನೆ ನೋಡಲು ಏಪ್ರಿಲ್, ಮೇ ತಿಂಗಳೇ ಒಳ್ಳೆಯದು. ಬಾವಿಗೆ ಇಣುಕಿ ನೋಡಿ. ಆಮೇಲೆ ಅದೇ ಮನೆಯನ್ನು ಜುಲೈನಲ್ಲಿ ಇನ್ನೊಮ್ಮೆ ನೋಡಿ. ತಾರಸಿ ಮನೆಯ ಮೇಲೆ ತಗಡಿನ ಮಾಡು ಹಾಕಿಲ್ಲದಿದ್ದರೆ ಗೋಡೆಯ ಕಥೆ ಆವಾಗ ತಿಳಿಯುತ್ತದೆ.

ಮೂರನೇ ಕ್ರಾಸ್ (ಏಪ್ರಿಲ್ 7, ರಾತ್ರಿ 8:40)

ಕಾಲುಸಂಕ ಅವರೇ, ನಿಮ್ಮ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡುತ್ತೇನೆ, ಏಕೆಂದರೆ ನೀವು ನೋಡಿಕೊಂಡು ಹೋದಂಥ ಬಡಾವಣೆಯಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ. ನಿವೃತ್ತ ಶಿಕ್ಷಕಿ. ಇವತ್ತು ಸಂಜೆ ವಾಕಿಂಗ್ ಹೋದಾಗ ನಮ್ಮ ರಸ್ತೆಯ ಮನೆಗಳನ್ನು ನಿಮಗಾಗಿ ಎಣಿಸಿಕೊಂಡು ಬಂದೆ.

ಒಟ್ಟು 22 ಮನೆ. ಏಳರಲ್ಲಿ ಗಂಡ ಹೆಂಡತಿ ಇಬ್ಬರೇ, ಎಲ್ಲರೂ ಅರವತ್ತೈದು ದಾಟಿದವರು, ಎಲ್ಲರ ಮಕ್ಕಳೂ ಬೆಂಗಳೂರು ಅಥವಾ ಹೊರದೇಶ. ಮೂರರಲ್ಲಿ ಹೆಂಗಸರು ಒಬ್ಬೊಬ್ಬರೇ ಇದ್ದಾರೆ. ಐದಕ್ಕೆ ಬೀಗ. ನಾಲ್ಕರಲ್ಲಿ ಬಾಡಿಗೆಯವರು, ಬ್ಯಾಂಕಿನವರು ಇಬ್ಬರು, ಆಸ್ಪತ್ರೆಯ ನರ್ಸ್ ಒಬ್ಬಳು, ಕೆಪಿಟಿಸಿಎಲ್‌ನವರು ಒಬ್ಬರು. ಶಾಲೆಗೆ ಹೋಗುವ ಮಕ್ಕಳಿರುವ ಮನೆ ಮೂರೇ ಮೂರು. ಆ ಮೂರು ಮನೆಯ ಮಕ್ಕಳು ಸಂಜೆ ರಸ್ತೆಯಲ್ಲಿ ಸೈಕಲ್ ಹೊಡೆಯುವಾಗ ಹತ್ತು ಮನೆಯ ಮುದುಕರು ಗೇಟಿಗೆ ಬಂದು ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ.

ಬೀಗ ಹಾಕಿದ ಐದೂ ಮನೆ ಅತಿ ಚಂದದ ಮನೆಗಳು. ಒಂದರಲ್ಲಿ ಹಳ್ಳಿಯ ಹಳೇ ಮನೆಯ ಕೆತ್ತನೆಯ ಬಾಗಿಲು ತಂದು ಕೂರಿಸಿದ್ದಾರೆ, ತೂಗುಮಂಚವಿರುವ ಜಗಲಿ. ಮಾರಿಕಾಂಬಾ ಜಾತ್ರೆಗೆ, ಎರಡು ವರ್ಷಕ್ಕೊಮ್ಮೆ, ಅಮ್ಮನವರು ಬಿಡಕಿ ಬೈಲಿನ ಗದ್ದುಗೆಗೆ ಬಂದಾಗ ಆ ಮನೆಗಳೆಲ್ಲ ತೆರೆಯುತ್ತವೆ. ಇಪ್ಪತ್ತು ಇಪ್ಪತ್ತೈದು ಜನ ನೆಂಟರು, ರಾತ್ರಿಯೆಲ್ಲ ದೀಪ, ಅಂಗಳದಲ್ಲಿ ಸಾಲು ಚಪ್ಪಲಿ. ಜಾತ್ರೆ ಮುಗಿದು ಮರುವಾರ ನೋಡಿದರೆ ಮತ್ತೆ ಬೀಗ. ನನಗೆ ಆ ವಾರ ಎದೆ ಭಾರವಾಗುತ್ತದೆ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ರಾತ್ರಿ ಎರಡಕ್ಕೆ ಬಾಗಿಲು ಬಡಿದರೆ ನಮ್ಮ ರಸ್ತೆಯಲ್ಲಿ ತೆಗೆಯುತ್ತಾರೆ. ತೆಗೆಯುವವರೂ ಎಪ್ಪತ್ತರವರೇ. ಎರಡು ವರ್ಷದ ಹಿಂದೆ ನಮ್ಮ ಮನೆಯವರು ಬಚ್ಚಲಿನಲ್ಲಿ ಬಿದ್ದಾಗ ಎತ್ತಲು ಬಂದದ್ದು ಬಾಡಿಗೆ ಮನೆಯ ಆ ನರ್ಸ್ ಹುಡುಗಿ ಮತ್ತು ಕೆಪಿಟಿಸಿಎಲ್‌ನ ಹುಡುಗ. ನಮ್ಮ ರಸ್ತೆಯ ಸ್ವಂತ ಮನೆಯವರ ಭದ್ರತೆ ಬಾಡಿಗೆಯವರ ಮೇಲೆ ನಿಂತಿದೆ ಅನ್ನುವುದು ಅವತ್ತು ನನಗೆ ಅರ್ಥವಾಯಿತು.

ಚಾಕ್‌ಪೀಸ್ (ಏಪ್ರಿಲ್ 8, ಸಂಜೆ 5:20)

ಮೂರನೇ ಕ್ರಾಸ್ ಮೇಡಂ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಾನು ಹಾವೇರಿ ಜಿಲ್ಲೆಯವ, ಶಿರಸಿಯಲ್ಲಿ ಪ್ರೌಢಶಾಲೆ ಮೇಷ್ಟ್ರು, ಇದು ಆರನೇ ವರ್ಷ. ನಿಮ್ಮ ರಸ್ತೆಯಂಥ ರಸ್ತೆಗಳಲ್ಲಿ ಬೀಗ ಹಾಕಿದ ಎಷ್ಟು ಮನೆಗಳ ಮುಂದೆ ನಿಂತು ಬಂದಿದ್ದೇನೋ ಲೆಕ್ಕವಿಲ್ಲ. ಪಕ್ಕದವರಿಂದ ಮಾಲೀಕರ ನಂಬರ್ ಪಡೆದು ಫೋನ್ ಮಾಡಿದರೆ ಮೊದಲ ಪ್ರಶ್ನೆ ಯಾವ ಊರು, ಎರಡನೆಯದು ಯಾವ ಜನ, ಮೂರನೆಯದು ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ. ಮೂರನೆಯದಕ್ಕೆ ಸತ್ಯ ಹೇಳಿದ ಮೇಲೆ ಮಾತು ಮುಂದುವರಿಯುವುದಿಲ್ಲ. ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಪಾಠ ಹೇಳುವವ ನಾನು. ಈಗ ಇರುವುದು ಪೇಟೆ ನಡುವೆ ಒಂದು ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ನನ್ನ ಮಗಳಿಗೆ ಸೈಕಲ್ ಕಲಿಸಲು ಜಾಗ ಇಲ್ಲ.

ಮಾಲೀಕರ ಮನೆ, ಅವರ ಇಷ್ಟ, ನಾನು ಹಕ್ಕು ಕೇಳುತ್ತಿಲ್ಲ. ಆದರೆ ಊರಿನಲ್ಲಿ ಮನೆ ಇಲ್ಲ ಅನ್ನುವ ಮಾತು ಸುಳ್ಳು. ಇದ್ದ ಮನೆಗೆ ಬೀಗ ಇದೆ.

ಹಂಡೆ ಒಲೆ (ಏಪ್ರಿಲ್ 8, ರಾತ್ರಿ 10:05)

ಬೀಗ ಹಾಕಿದ ಮನೆಯವಳೊಬ್ಬಳು ಮಾತಾಡಲೇಬೇಕು ಅನಿಸಿತು. ನಮ್ಮ ಮಾವನವರು ಕಟ್ಟಿಸಿದ ಮನೆ, ಅವರು ಹೋದ ಮೇಲೆ ನಾಲ್ಕು ವರ್ಷದಿಂದ ಮುಚ್ಚಿದೆ. ನಾವು ಮೈಸೂರಿನಲ್ಲಿ. ಬಾಡಿಗೆಗೆ ಕೊಡಿ ಅಂದರೆ ಅತ್ತೆಯವರು ಒಪ್ಪುವುದಿಲ್ಲ. ಸಿಟ್ಟು ಮಾಡಬೇಡಿ ಮೇಷ್ಟ್ರೇ, ಅವರ ಮನಸ್ಸಿನಲ್ಲಿರುವುದು 1974. ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆಗೆ ಗೇಣಿದಾರರ ಏಳನೇ ನಮೂನೆ ಅರ್ಜಿ ಬಿತ್ತು, ಗದ್ದೆ ಹೋಯಿತು. ಉಳುತ್ತಿದ್ದವರಿಗೆ ಅದು ನ್ಯಾಯ, ನನಗೆ ಗೊತ್ತು, ಅವರ ಮಕ್ಕಳು ಇವತ್ತು ತಲೆ ಎತ್ತಿ ಬದುಕುವುದು ಅದರಿಂದಲೇ. ಆದರೆ ಅತ್ತೆಗೆ ಆಗ ಹದಿನಾರು. ಕೊಟ್ಟರೆ ವಾಪಸ್ ಬರುವುದಿಲ್ಲ ಅನ್ನುವುದು ಅವರ ಮೈಗೆ ಇಳಿದುಬಿಟ್ಟಿದೆ.

ಅಡುಗೆಯ ವಿಷಯಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ಅದು ತಪ್ಪು.

ನಕಾಶೆ (ಏಪ್ರಿಲ್ 9, ಬೆಳಿಗ್ಗೆ 7:10)

ಅಕ್ಕ, ಅತ್ತೆಯವರಿಗೆ ಇಷ್ಟು ಹೇಳಿ. ಗೇಣಿ ಕಾಯ್ದೆ ಸಾಗುವಳಿ ಜಮೀನಿಗೆ, ಪೇಟೆಯ ಮನೆಗೆ ಅಲ್ಲ. ಮನೆ ಬಾಡಿಗೆಯ ಕಾನೂನೇ ಬೇರೆ. ಹನ್ನೊಂದು ತಿಂಗಳ ಕರಾರು ಛಾಪಾ ಕಾಗದದಲ್ಲಿ ಬರೆಸಿ, ಅವಧಿ ಮುಗಿದಾಗಲೆಲ್ಲ ಹೊಸದು ಮಾಡಿಸಿ. ಮನೆ ಮುಚ್ಚಿಟ್ಟರೆ ಹಾಳಾಗುವುದು ಹೆಚ್ಚು. ಎರಡು ಮಳೆಗಾಲ ಗಾಳಿಯಾಡದ ಮನೆಯ ಮರದ ಮಾಡಿಗೆ ಒರಲೆ ಹಿಡಿದದ್ದನ್ನು ನಾನೇ ಎಷ್ಟೋ ಸಲ ಬಿಚ್ಚಿಸಿದ್ದೇನೆ.

ಕಾಳಿ ದಂಡೆ (ಏಪ್ರಿಲ್ 9, ಮಧ್ಯಾಹ್ನ 3:30)

ಕಾರವಾರದಿಂದ ಬರೆಯುತ್ತಿದ್ದೇನೆ. ನೀವು ಘಟ್ಟದ ಮೇಲಿನವರು ಬೀಗದ ಮಾತಾಡುತ್ತೀರಿ, ನಮ್ಮಲ್ಲಿ ಖಾಲಿ ಕೋಣೆ ಸಿಕ್ಕರೆ ಪುಣ್ಯ.

ಕಾರವಾರದಲ್ಲಿ ನೆಲವೇ ಇಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ ನದಿ. ದಕ್ಷಿಣಕ್ಕೆ ಬಿಣಗಾ, ಅರಗಾ ದಾಟಿದರೆ ನೌಕಾನೆಲೆ. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ಅತ್ತ ಕೈಗಾದ ಅಣುಸ್ಥಾವರದಲ್ಲಿ 2000ದಿಂದ ವಿದ್ಯುತ್, ಈಗ ನಾಲ್ಕು ಘಟಕ, 880 ಮೆಗಾವಾಟ್. ಅವರಿಗೆ ಟೌನ್‌ಶಿಪ್ ಇದೆ, ಆದರೂ ನಿವೃತ್ತಿಯ ಮನೆ ಅಂತ ಕಾರವಾರದಲ್ಲಿ ನೋಡುವವರು ಬಹಳ. ಜಿಲ್ಲಾ ಕಚೇರಿ, ಕೋರ್ಟು, 2016ರ ನಂತರ ವೈದ್ಯಕೀಯ ಕಾಲೇಜು. ಎಲ್ಲರಿಗೂ ಬೇಕಾದ್ದು ಕೋಡಿಬಾಗ, ಕಾಜುಬಾಗ, ಹಬ್ಬುವಾಡದ ಆ ನಾಲ್ಕು ರಸ್ತೆ. ಶ್ರೀಮಂತ ಬಡಾವಣೆ ಅಂದರೆ ನಮ್ಮಲ್ಲಿ ಹಳೇ ಕೊಂಕಣಿ ಮನೆತನದ ಹೆಂಚಿನ ಮನೆ ಒಂದು, ಅದನ್ನು ಕೆಡವಿ ಎದ್ದ ಅಪಾರ್ಟ್‌ಮೆಂಟ್ ಒಂದು, ಅಕ್ಕಪಕ್ಕ ನಿಂತಿರುತ್ತವೆ.

ನಮ್ಮದು ನಿರಾಶ್ರಿತ ಕುಟುಂಬ. ಅಜ್ಜಿಯ ಮನೆ, ಗದ್ದೆ, ತೆಂಗು ಎಲ್ಲ ನೌಕಾನೆಲೆಗೆ ಹೋಯಿತು. ಹದಿಮೂರು ಹಳ್ಳಿ ಎದ್ದವು. ಮೊದಲು ಸಿಕ್ಕ ಪರಿಹಾರ ಏನೇನೂ ಸಾಲದು, ಹೆಚ್ಚಿನದಕ್ಕೆ ಕೋರ್ಟಿಗೆ ಅಲೆದು ಅಪ್ಪನ ಅರ್ಧ ಆಯುಷ್ಯ ಕಳೆಯಿತು. ಅದು ಕೈಗೆ ಬಂದಾಗ ಅಪ್ಪ ಕಾರವಾರದಲ್ಲಿ ಸಣ್ಣ ಜಾಗ ಕೊಂಡು ಮೇಲೆ ಒಂದು ಮಾಳಿಗೆ ಹಾಕಿಸಿದರು. ಆ ಮಾಳಿಗೆಯಲ್ಲಿ ಈಗ ಬಾಡಿಗೆಗಿರುವುದು ನೌಕಾಪಡೆಯ ಕುಟುಂಬ, ಬಿಹಾರದವರು. ಅಜ್ಜಿ ಇರುವವರೆಗೂ ಆ ಮನೆಯ ಪುಟ್ಟ ಹುಡುಗನನ್ನು ತೊಡೆ ಮೇಲೆ ಕೂರಿಸಿಕೊಂಡು, ನಿನ್ನ ಅಪ್ಪ ಹಡಗು ಕಟ್ಟಿ ನಿಲ್ಲಿಸುವ ಜಾಗದಲ್ಲಿ ನಮ್ಮ ಬಾವಿ ಇತ್ತು ಅಂತ ಕೊಂಕಣಿಯಲ್ಲಿ ಹೇಳುತ್ತಿದ್ದಳು. ಅವನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಅವಳು ಹೇಳುವುದನ್ನು ಬಿಡುತ್ತಿರಲಿಲ್ಲ.

ಕಾಲುಸಂಕ ಅವರೇ, ಸಮುದ್ರದ ಕಡೆ ಮನೆ ನೋಡುವ ಯೋಚನೆ ಬಂದರೆ ಎರಡು ವಿಷಯ. ಕರಾವಳಿ ನಿಯಂತ್ರಣ ವಲಯದ ನಕ್ಷೆಯಲ್ಲಿ ಆ ಸರ್ವೆ ನಂಬರ್ ಎಲ್ಲಿ ಬರುತ್ತದೆ ನೋಡದೆ ಕೈ ಹಾಕಬೇಡಿ. 2019ರ ನಿಯಮದಲ್ಲಿ ಹಳ್ಳಿ ಪ್ರದೇಶಕ್ಕೆ ಭರತದ ಗೆರೆಯಿಂದ 200 ಮೀಟರ್ ಹೊಸದಾಗಿ ಕಟ್ಟುವಂತಿಲ್ಲ, ಜನ ಬಹಳ ದಟ್ಟವಾಗಿರುವ ಹಳ್ಳಿಯಾದರೆ 50 ಮೀಟರ್. ಇನ್ನು ಉಪ್ಪುಗಾಳಿ. ಕಿಟಕಿಯ ಸರಳು ನಾಲ್ಕೈದು ವರ್ಷಕ್ಕೆ ಸಿಪ್ಪೆ ಏಳುತ್ತದೆ.

ಮಲ್ಲಿಗೆ ಹಂಬು (ಏಪ್ರಿಲ್ 9, ರಾತ್ರಿ 11:20)

ಭಟ್ಕಳದವಳು ನಾನು. ಬೀಗದ ಮನೆ ಅಂದಾಗ ನಮ್ಮೂರು ನೆನಪಾಯಿತು. ನಮ್ಮ ನವಾಯತ ಮುಸ್ಲಿಂ ಮನೆಗಳ ಗಂಡಸರು ಎರಡು ಮೂರು ತಲೆಮಾರಿನಿಂದ ದುಬೈ, ಸೌದಿ. ಅಲ್ಲಿ ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗಿ ಉಳಿಸಿದ ದುಡ್ಡಿನಲ್ಲಿ ಇಲ್ಲಿ ಹತ್ತು ಕೋಣೆಯ ಮನೆ ಎದ್ದಿದೆ. ಊರಿನ ಸೈಟಿನ ದರ ಕೇಳಿ ಹೊರಗಿನವರು ಬೆಚ್ಚುತ್ತಾರೆ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಮನೆ ಪೂರ್ತಿ ಮುಚ್ಚುವುದು ಕಡಿಮೆ, ಹೆಂಗಸರು ಮಕ್ಕಳು ಇರುತ್ತಾರೆ, ಹಳೇ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದೆ, ಕೂಗಿದರೆ ಓಣಿಯೇ ಬರುತ್ತದೆ. ನನ್ನ ಅಮ್ಮ ಹೆದ್ದಾರಿ ಆಚೆ ಹೊಸ ಬಡಾವಣೆಯ ದೊಡ್ಡ ಮನೆಗೆ ಹೋಗಿ ಎಂಟು ತಿಂಗಳಿಗೆ ಹಳೇ ಓಣಿಗೆ ವಾಪಸ್ ಬಂದರು. ಅಲ್ಲಿ ಮಾತಿಗೆ ಯಾರೂ ಇಲ್ಲ ಅಂದರು.

ನಿಮ್ಮ ತಾಯಿಯನ್ನು ಕೇಳಿದ್ದೀರಾ ಅಕ್ಕ?

ದೋಟಿ (ಏಪ್ರಿಲ್ 10, ಬೆಳಿಗ್ಗೆ 6:00)

ತೋಟದಲ್ಲೇ ಇರುವ ಒಬ್ಬನ ಮಾತನ್ನೂ ಕೇಳಿ. ವಯಸ್ಸು 34, ಬಿಇ ಓದಿ ವಾಪಸ್ ಬಂದೆ, ನಾಲ್ಕು ಎಕರೆ ತೋಟ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರು ಸಿಗದೆ ನಾನೇ ಉದ್ದನೆ ದೋಟಿ ಹಿಡಿದು ಕೊನೆ ಇಳಿಸುತ್ತೇನೆ, ಔಷಧಿಯನ್ನೂ ನಾನೇ ಹೊಡೆಯುತ್ತೇನೆ. ಆದಾಯ ಬೆಂಗಳೂರಿನ ಗೆಳೆಯರಿಗಿಂತ ಕಡಿಮೆಯಿಲ್ಲ. ಮದುವೆಯ ಮಾತಿಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ, ಪೇಟೆಯಲ್ಲಿ ಮನೆ ಉಂಟಾ. ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೆಂದೇ ನಮ್ಮ ಸೀಮೆಯ ಎಷ್ಟು ಅಪ್ಪಂದಿರು ಸೈಟು ತೆಗೆದರು! ನಮ್ಮಪ್ಪನೂ ತೆಗೆದ, ಮನೆಯನ್ನೂ ಕಟ್ಟಿಸಿದ. ಅದರಲ್ಲಿ ಈಗ ಯಾರೂ ಇಲ್ಲ. ನನಗೆ ಅಲ್ಲಿರಲು ಆಗುವುದಿಲ್ಲ, ತೋಟಕ್ಕೆ ದಿನಾ ಒಂದು ಗಂಟೆ ದಾರಿ. ಕೇಳುವ ಹುಡುಗಿಯರದ್ದೂ ತಪ್ಪಲ್ಲ. ಅವರ ತಾಯಂದಿರು ಸಂಕ ದಾಟಿ ಸೋತದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಪೇಟೆಯ ಮನೆಗೆ ಹಾಕುವ ದುಡ್ಡಿನ ಒಂದು ಪಾಲು ಊರಿನ ರಸ್ತೆಗೆ, ಸೋಲಾರಿಗೆ, ಫೈಬರ್ ಇಂಟರ್ನೆಟ್ಟಿಗೆ ಹಾಕಿದ್ದರೆ ನಮ್ಮ ಕೇರಿಯ ಹನ್ನೆರಡು ಮನೆಯಲ್ಲಿ ಏಳು ಖಾಲಿಯಾಗುತ್ತಿರಲಿಲ್ಲ. ಇದನ್ನು ನಾನು ನಂಬಿದ್ದೇನೆ.

ಕಾಲುಸಂಕ (ಏಪ್ರಿಲ್ 12, ರಾತ್ರಿ 9:15)

ಎರಡು ದಿನ ಊರಲ್ಲಿದ್ದೆ. ಈ ಚರ್ಚೆಯನ್ನು ಜಗಲಿಯಲ್ಲಿ ಕೂತು ಇಬ್ಬರಿಗೂ ಪೂರ್ತಿ ಓದಿ ಹೇಳಿದೆ. ಅಪ್ಪಯ್ಯ ಚಾಲಿ ಮೂಟೆಯವರ ಲೆಕ್ಕ ಒಪ್ಪಿಕೊಂಡ, ದೋಟಿಯ ಮಾತು ಬಂದಾಗ ಎದ್ದು ಒಳಗೆ ಹೋದ. ಆಯಿ ಮೂರನೇ ಕ್ರಾಸ್ ಮೇಡಂ ಬರೆದದ್ದನ್ನು ಇನ್ನೊಮ್ಮೆ ಓದು ಅಂದಳು. ಸೈಕಲ್ ಹೊಡೆಯುವ ಮಕ್ಕಳ ಭಾಗವನ್ನು.

ನಾನು ಆಯಿಯನ್ನು ಇವತ್ತಿನವರೆಗೆ ಕೇಳಿರಲಿಲ್ಲ. ಕೇಳಿದೆ. ಮಳೆಗಾಲದಲ್ಲಿ ನನಗೆ ಇಲ್ಲಿ ಹೆದರಿಕೆ, ಬೇಸಿಗೆಯಲ್ಲಿ ಅಲ್ಲಿ ಹೋಗಿ ಏನು ಮಾಡಲಿ, ಅಂದಳು. ಅಪ್ಪಯ್ಯ ಮಾತ್ರ, ಕೊಳೆರೋಗಕ್ಕೆ ಔಷಧಿ ಹೊಡೆಸುವುದು ಮಳೆಗಾಲದಲ್ಲೇ, ಆಗ ತೋಟ ಬಿಟ್ಟು ಪೇಟೆಯಲ್ಲಿ ಕೂತರೆ ಬೆಳೆ ನೆಲಕ್ಕೆ ಅನ್ನುತ್ತಾನೆ. ಇಬ್ಬರದ್ದೂ ಸರಿ.

ಇನ್ನೊಂದು ಕೇಳಬೇಕು, ಸ್ವಲ್ಪ ಮುಜುಗರ. ತೋಟದ ಒಂದು ತುಂಡು ಮಾರಿ ಮನೆ ತಗೊಳ್ಳುವ ಮಾತೂ ಬಂತು. ನನ್ನ ಸಹಿ ಬೇಕಾಗುತ್ತದಾ?

ನಕಾಶೆ (ಏಪ್ರಿಲ್ 12, ರಾತ್ರಿ 10:00)

ಇದರಲ್ಲಿ ಮುಜುಗರ ಪಡುವಂಥದ್ದೇನೂ ಇಲ್ಲ. ಅಜ್ಜನಿಂದ ಬಂದ ಪಿತ್ರಾರ್ಜಿತ ತೋಟವಾದರೆ ಅದರಲ್ಲಿ ನಿಮಗೂ ತಮ್ಮನಿಗೂ ಸಮಪಾಲು. ಕರ್ನಾಟಕ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು 1994ರಲ್ಲೇ ಕೊಟ್ಟಿತ್ತು, ಆದರೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಎಲ್ಲ ಮಗಳಂದಿರನ್ನೂ ಸೇರಿಸಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ ಸ್ಪಷ್ಟ ಮಾಡಿತು. ನಿಮ್ಮ ಸಹಿ ಇಲ್ಲದ ಕ್ರಯಪತ್ರವನ್ನು ತಿಳಿದವರು ಕೊಳ್ಳುವುದಿಲ್ಲ. ತುಂಡು ಮಾರುವುದಾದರೆ 11ಇ ನಕ್ಷೆಯೂ (ಮಾರುವ ತುಂಡನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ) ಮೊದಲೇ ಆಗಬೇಕು. ಪೇಟೆಯಲ್ಲಿ ಮನೆ ತೆಗೆದುಕೊಂಡರೆ ಆಯಿಯ ಹೆಸರಿಗೆ ಮಾಡಿಸಿ ಅನ್ನುವುದು ನನ್ನ ಸಲಹೆ.

ಚಾಲಿ ಮೂಟೆ (ಏಪ್ರಿಲ್ 13, ಬೆಳಿಗ್ಗೆ 6:45)

ತೋಟದ ತುಂಡು ಮಾರಬೇಡಿ ತಂಗಿ. ನೀರಿನ ಕಾಲುವೆ, ದಾರಿ, ಬೆಟ್ಟ ಎಲ್ಲ ಒಂದಕ್ಕೊಂದು ಹೆಣೆದಿರುತ್ತವೆ. ತುಂಡಾದ ಮೇಲೆ ಉಳಿದದ್ದಕ್ಕೂ ಬೆಲೆ ಇಳಿಯುತ್ತದೆ.

ಮೂರನೇ ಕ್ರಾಸ್ (ಏಪ್ರಿಲ್ 13, ಮಧ್ಯಾಹ್ನ 12:10)

ಆಯಿ ಹೇಳಿದ್ದರಲ್ಲೇ ದಾರಿ ಇದೆಯಲ್ಲ. ಈ ವರ್ಷ ಕೊಳ್ಳಬೇಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳಿಗೆ ಬಾಡಿಗೆ ಮನೆ ಮಾಡಿ. ಒಂದು ಮಳೆಗಾಲ ಬಾಳಿ ನೋಡಿದರೆ ಯಾವ ಬಡಾವಣೆ, ಯಾವ ರಸ್ತೆ, ಬಸ್ ನಿಲ್ದಾಣ ಎಷ್ಟು ದೂರ ಇರಬೇಕು ಎಲ್ಲ ಅವರಿಗೇ ತಿಳಿಯುತ್ತದೆ. ನಾಲ್ಕು ತಿಂಗಳಿಗೆ ಯಾರು ಕೊಡುತ್ತಾರೆ ಅನ್ನುವುದೇ ಕಷ್ಟ. ಹಂಡೆ ಒಲೆ ಅವರೇ, ಓದುತ್ತಿದ್ದೀರಾ?

ಹಂಡೆ ಒಲೆ (ಏಪ್ರಿಲ್ 14, ರಾತ್ರಿ 8:30)

ಓದುತ್ತಿದ್ದೇನೆ. ಅತ್ತೆಯವರಿಗೂ ಓದಿ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಇವತ್ತು ಸಂಜೆ, ಬಾವಿಯ ಹೂಳು ಎತ್ತಿಸಬೇಕು, ಹಾಗೆಯೇ ಕೊಡಬೇಡ ಅಂದರು. ಕಾಲುಸಂಕ ಅವರೇ, ನಿಮಗೆ ಖಾಸಗಿಯಾಗಿ ನಂಬರ್ ಕಳಿಸಿದ್ದೇನೆ.

ಕಾಲುಸಂಕ (ಜುಲೈ 19, ರಾತ್ರಿ 10:30)

ಕೇಳಿದವರಿಗೆಲ್ಲ ಹೇಳಬೇಕಿತ್ತು, ತಡವಾಯಿತು.

ಜೂನ್ 8ಕ್ಕೆ ಹಾಲು ಉಕ್ಕಿಸಿ ಆಯಿ ಹಂಡೆ ಒಲೆ ಅವರ ಆ ಮನೆ ಸೇರಿದಳು. ಹನ್ನೊಂದು ತಿಂಗಳ ಕರಾರೇ ಬರೆದಿದ್ದೇವೆ, ಸೆಪ್ಟೆಂಬರ್ ಕೊನೆಗೆ ನಾವು ಬಿಡಬಹುದು ಅನ್ನುವ ಸಾಲು ಸೇರಿಸಿ. ಅಪ್ಪಯ್ಯ ವಾರಕ್ಕೆ ನಾಲ್ಕು ದಿನ ತೋಟದಲ್ಲಿ, ಮೂರು ದಿನ ಪೇಟೆಯಲ್ಲಿ. ಬೆಳಿಗ್ಗೆಯ ಬಸ್ಸಿನ ಕಂಡಕ್ಟರ್ ಅವನಿಗಾಗಿ ಒಂದು ನಿಮಿಷ ಕಾಯುತ್ತಾನಂತೆ. ಮೊದಲ ಸಲದ ಔಷಧಿ ಹೊಡೆಸಿ ಮುಗಿಯಿತು, ಎರಡನೆಯದಕ್ಕೆ ದೋಟಿ ಅವರೇ ತಮ್ಮ ಕಡೆಯ ಇಬ್ಬರನ್ನು ಕಳಿಸಿಕೊಟ್ಟರು. ಅವರು ನಮ್ಮ ಪಕ್ಕದ ಸೀಮೆಯವರೇ ಅಂತ ನನಗೆ ಗೊತ್ತಿರಲಿಲ್ಲ.

ಹೋದ ವಾರ ಆಯಿಗೆ ಮತ್ತೆ ಉಬ್ಬಸ ಬಂತು, ರಾತ್ರಿ ಹನ್ನೊಂದೂವರೆಗೆ, ಅಪ್ಪಯ್ಯ ತೋಟದಲ್ಲಿದ್ದ ದಿನ. ಎದುರುಮನೆಯವರ ಕರೆಗಂಟೆ ಒತ್ತಿದಳು. ಹನ್ನೆರಡಕ್ಕೆ ಆಸ್ಪತ್ರೆಯಲ್ಲಿದ್ದಳು, ಹನ್ನೆರಡು ಹತ್ತಕ್ಕೆ ನನ್ನ ಫೋನ್ ರಿಂಗಾಯಿತು. ಫೋನ್ ಮಾಡಿದ್ದು ಅದೇ ರಸ್ತೆಯ ನರ್ಸ್. ಮೂರನೇ ಕ್ರಾಸ್ ಮೇಡಂ, ನೀವು ಬೆಳಿಗ್ಗೆ ಗಂಜಿ ತಗೊಂಡು ಹೋದಿರಂತೆ.

ಚಾಕ್‌ಪೀಸ್ ಸರ್, ನಾವು ಬಿಟ್ಟ ಮೇಲೆ ಆ ಮನೆ ನಿಮಗೆ ಕೊಡುವ ಮಾತನ್ನು ಹಂಡೆ ಒಲೆ ಅವರ ಹತ್ತಿರ ತೆಗೆದಿದ್ದೇನೆ. ಅತ್ತೆಯವರು ಇನ್ನೂ ಹೂಂ ಅಂದಿಲ್ಲ. ಅಡುಗೆಯ ವಿಷಯ ಮುಚ್ಚಿಡಬಾರದು ಅಂತ ನೇರವಾಗಿಯೇ ಹೇಳಿದೆ. ಮಗಳ ವಯಸ್ಸು ಎಷ್ಟು ಅಂತ ಅವರು ಕೇಳಿದರು, ಗೊತ್ತಿಲ್ಲ ಅಂದೆ. ತಿಳಿಸಿ.

ಸೈಟು ನೋಡುವುದನ್ನು ನಿಲ್ಲಿಸಿಲ್ಲ. ಈ ಭಾನುವಾರ ಬನವಾಸಿ ರಸ್ತೆ ಕಡೆ ಒಂದು ಹಳೇ ಮನೆ ತೋರಿಸಿದರು, ಕಾಗದ ನಕಾಶೆ ಅವರಿಗೆ ಕಳಿಸಿದ್ದೇನೆ. ಏಜೆಂಟ್ ಬಾಗಿಲು ತೆರೆದು ಕಾಯುತ್ತಿದ್ದರು, ಆಯಿ ಒಳಗೆ ಹೋಗಲಿಲ್ಲ. ಕೊಡೆ ಹಿಡಿದು ಪಕ್ಕದ ಮನೆಯ ಗೇಟು ತೆಗೆದು, ಯಾರಿದ್ದೀರಿ ಅಂತ ಕೇಳಿಕೊಂಡು ಹೋದಳು. ಅರ್ಧ ಗಂಟೆ ಆದ ಮೇಲೆ ಅಲ್ಲಿಂದ ಕಷಾಯ ಕುಡಿದು ಬಂದಳು. ಆ ರಸ್ತೆಯಲ್ಲಿ ವಾಸ ಇರುವವರು ಯಾರಾದರೂ ಇಲ್ಲಿ ಇದ್ದರೆ, ಮೇ ತಿಂಗಳಲ್ಲಿ ಬಾವಿಯ ನೀರು ಎಲ್ಲಿಗೆ ಇಳಿಯುತ್ತದೆ ಅಂತ ದಯವಿಟ್ಟು ಹೇಳಿ.